ಕೇಳಿ-ಹೇಳಿ: ನಡುದಾರಿಯಲ್ಲಿ ಪ್ಲಾನ್ ಬದಲಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ನಡೆಸುವವರವು. ಕೇಳಿದ ಮಾತು ಬೇರೆಬೇರೆಯಾದರೂ ಒಳಗಿನ ತೊಡಕು ಒಂದೇ. ಪರಿಸ್ಥಿತಿ ಬದಲಾದದ್ದು ಕೆಲಸ ಮಾಡುವವರ ಕಣ್ಣಿಗೆ ಮೊದಲು ಬೀಳುತ್ತದೆ. ಪ್ಲಾನ್ ಬದಲಿಸುವ ಅಧಿಕಾರ ಇರುವುದು ಬೇರೆಯವರ ಬಳಿ. ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಆ ಅಂತರವನ್ನು ಹೇಗೆ ಕಿರಿದು ಮಾಡುವುದು ಎಂಬುದನ್ನೇ ಮುಂದಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇವೆ.

ನಮ್ಮದು 18 ತಿಂಗಳ ಪ್ರಾಜೆಕ್ಟ್. ಹಳೆಯ ವ್ಯವಸ್ಥೆಯಿಂದ 40 ಶಾಖೆಗಳ ದತ್ತಾಂಶವನ್ನು ಹೊಸ ಸಾಫ್ಟ್‌ವೇರ್‌ಗೆ ಸಾಗಿಸಬೇಕು. ಮೊದಲ ತಿಂಗಳಲ್ಲೇ 900 ಸಾಲಿನ ವೇಳಾಪಟ್ಟಿ ಮಾಡಿದೆವು. ಮೂರನೇ ತಿಂಗಳಿಗೆ ಅದು ಕೆಲಸಕ್ಕೆ ಬಾರದಂತಾಯಿತು. ಈಗ ಮೇಲಿನವರು ‘ಪ್ಲಾನೇ ಬೇಡ, ಬಂದ ಹಾಗೆ ನೋಡಿಕೊಳ್ಳೋಣ’ ಎನ್ನುತ್ತಿದ್ದಾರೆ. ಇದು ಸರಿಯೇ?
— ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್

ಸರಿಯಲ್ಲ. ಪರಿಸ್ಥಿತಿಗೆ ಹೊಂದಿಕೊಂಡು ಪ್ರಾಜೆಕ್ಟ್ ನಡೆಸುವುದೆಂದರೆ ಪ್ಲಾನ್ ಬಿಟ್ಟುಬಿಡುವುದಲ್ಲ. ಯಾವ ಸೂಚನೆ ಕಂಡರೆ ಏನನ್ನು ಬದಲಿಸುತ್ತೇವೆ ಎಂದು ಮೊದಲೇ ಬರೆದಿಡುವುದು. ಈ ವಿಧಾನ ಬೆಳೆದದ್ದು ಆಫೀಸುಗಳಲ್ಲಿ ಅಲ್ಲ, ಕಾಡು, ಮೀನುಗಾರಿಕೆಗಳ ನಿರ್ವಹಣೆಯಲ್ಲಿ. ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್ 1978ರಲ್ಲಿ ಸಂಪಾದಿಸಿದ ಗ್ರಂಥದಿಂದ ಅದಕ್ಕೆ ಗಟ್ಟಿ ಬುನಾದಿ ಸಿಕ್ಕಿತು. ಅದರ ತಿರುಳು ಇಷ್ಟೆ: ಪೂರ್ತಿ ಅರ್ಥವಾಗದ ವ್ಯವಸ್ಥೆಯಲ್ಲಿ ಕೈಹಾಕುವಾಗ ನಿಮ್ಮ ಪ್ರತಿ ಹೆಜ್ಜೆಯೂ ಒಂದು ಪರೀಕ್ಷೆ. ಏನಾಗಬಹುದೆಂದು ಮುಂಚೆ ಬರೆಯಿರಿ, ಆದದ್ದನ್ನು ಅಳೆಯಿರಿ, ವ್ಯತ್ಯಾಸ ನೋಡಿ ಮುಂದಿನ ಹೆಜ್ಜೆ ತಿದ್ದಿ.

ನಿಮ್ಮ 900 ಸಾಲುಗಳ ತಪ್ಪು ಅವುಗಳ ಸಂಖ್ಯೆಯಲ್ಲಿಲ್ಲ. ಹದಿನಾರನೇ ತಿಂಗಳ ಕೆಲಸವನ್ನೂ ಮುಂದಿನ ವಾರದ ಕೆಲಸದಷ್ಟೇ ಖಚಿತವಾಗಿ ಬರೆದದ್ದು ತಪ್ಪು. ದೂರಕ್ಕೆ ತಕ್ಕಂತೆ ವಿವರ ಕಡಿಮೆ ಮಾಡಿ. ಮುಂದಿನ 6 ವಾರಕ್ಕೆ ಕೆಲಸ ಕೆಲಸವಾಗಿ ಬರೆಯಿರಿ. ಪ್ರತಿಯೊಂದಕ್ಕೂ ಒಂದು ಹೆಸರು ಇರಲಿ, ಯಾವುದೂ 5 ದಿನ ದಾಟದಿರಲಿ. 6 ವಾರದಿಂದ 6 ತಿಂಗಳವರೆಗೆ ಏನೇನು ಕೈಗೆ ಬರಬೇಕು ಎಂಬುದು ಸಾಕು. ಅವಧಿಯನ್ನು ‘7ರಿಂದ 10 ವಾರ’ ಎಂದು ಎರಡು ಅಂಕಿಗಳಲ್ಲೇ ಹೇಳಿ. ಅದರಾಚೆಗೆ ಗುರಿ, ಹಣದ ಮಿತಿ, ಕದಲಿಸಲಾಗದ ತಾರೀಖುಗಳು, ಇಷ್ಟೇ. ಎರಡು ವಾರಕ್ಕೊಮ್ಮೆ ಕುಳಿತು ಈ 6 ವಾರದ ವಿವರವಾದ ಪ್ಲಾನನ್ನು ಮುಂದಕ್ಕೆ ಸರಿಸಬೇಕು. ಒಂದು ಸಲ ತಪ್ಪಿಸಿದರೂ ಹತ್ತಿರದ ಪ್ಲಾನ್ ಹಳತಾಗಿ, ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಊಹೆಗಳ ಪಟ್ಟಿ. ನಿಮ್ಮ ಕೆಲಸದ ಒಂದು ಸಾಲು ಹೀಗಿರಬಹುದು. ಊಹೆ: ಒಂದು ಶಾಖೆಗೆ 2 ದಿನ ಸಾಕು, ಹಾಗಾಗಿ ವಾರಕ್ಕೆ 2 ಶಾಖೆ, ಒಟ್ಟು 20 ವಾರ. ಸೂಚನೆ: ಮೊದಲ 3 ಶಾಖೆಗಳ ಸರಾಸರಿ 3 ದಿನ ದಾಟಿದರೆ. ನೋಡುವ ದಿನ: ಮೂರನೇ ಶಾಖೆ ಮುಗಿದ ಮರುದಿನ. ನೋಡುವವರು: ಒಬ್ಬರ ಹೆಸರು, ತಂಡದ ಹೆಸರಲ್ಲ. ಆಗ ಮಾಡುವುದು: ವಾರಕ್ಕೆ 1 ಶಾಖೆ ಎಂದು ಇಳಿಸಿ, 20 ವಾರ ಹೆಚ್ಚಿಗೆ ಬೇಕಾಗುವುದರಿಂದ ಹಳೆಯ ವ್ಯವಸ್ಥೆಯ ಪರವಾನಗಿಯನ್ನು 5 ತಿಂಗಳು ಮುಂದುವರಿಸಲು ಅದೇ ವಾರ ಅರ್ಜಿ ಹಾಕುವುದು.

ಆ ಕೊನೆಯ ಅಂಕಣವನ್ನೇ ಹೆಚ್ಚಿನವರು ಖಾಲಿ ಬಿಡುತ್ತಾರೆ. ಬಿಟ್ಟರೆ ಸೂಚನೆ ಕಂಡ ದಿನ ಚರ್ಚೆ ಶುರುವಾಗುತ್ತದೆ: ಮೂರು ಶಾಖೆ ನೋಡಿ ತೀರ್ಮಾನಕ್ಕೆ ಬರಬಹುದೇ, ಇನ್ನೂ ನಾಲ್ಕು ನೋಡೋಣವೇ? ಅಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಸ್ವಯಂಚಾಲಿತ ಲಗೇಜ್ ವ್ಯವಸ್ಥೆಯೊಂದು ಸರಿಹೋಗದೆ, 1993ರ ಅಕ್ಟೋಬರ್‌ನಲ್ಲಿ ಆಗಬೇಕಿದ್ದ ಆರಂಭ 1995ರ ಫೆಬ್ರವರಿಗೆ ಹೋಯಿತು. ಮಾಮೂಲಿ ಗಾಡಿಗಳ ಬದಲಿ ವ್ಯವಸ್ಥೆ ಕಟ್ಟುವ ನಿರ್ಧಾರ ಬಂದದ್ದು 1994ರಲ್ಲಿ, ಮೊದಲ ಗಡುವು ಮೀರಿದ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ.

ಪಟ್ಟಿಯಲ್ಲಿ 8ರಿಂದ 10 ಊಹೆ ಸಾಕು. ಸುಳ್ಳಾದರೆ ತಾರೀಖನ್ನೋ ಬಜೆಟ್ಟನ್ನೋ ಮುರಿಯುವಂಥವು ಮಾತ್ರ ಇರಲಿ. ‘ಬಳಕೆದಾರರು ಸಹಕರಿಸುತ್ತಾರೆ’ ಎಂಬುದನ್ನು ಅಳೆಯಲಾಗದು. ‘ತರಬೇತಿಗೆ ಕರೆದ 20 ಮಂದಿಯಲ್ಲಿ 16 ಮಂದಿ ಬರುತ್ತಾರೆ’ ಎಂದು ಬರೆದರೆ ಅಳೆಯಬಹುದು.

ನಮ್ಮ ವಿಭಾಗದಲ್ಲಿ 8 ಜನ, ಕೈಯಲ್ಲಿ 24 ಕೆಲಸ. ಎಲ್ಲರೂ ಬಿಡುವಿಲ್ಲದೆ ದುಡಿಯುತ್ತಾರೆ. ವಾರಕ್ಕೆ ಮೂರು ಕೆಲಸ ಮುಗಿದರೆ ಹೆಚ್ಚು. ಎಲ್ಲಿ ತಪ್ಪುತ್ತಿದ್ದೇವೆ?
— ವಿಭಾಗ ಮುಖ್ಯಸ್ಥೆ

ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. ಜಾನ್ ಲಿಟಲ್ ಎಂಬ ವಿದ್ವಾಂಸ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರ: ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ, ಒಂದು ಕೆಲಸ ಒಳಗೆ ಬಂದು ಹೊರಗೆ ಹೋಗಲು ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. 24ನ್ನು 3ರಿಂದ ಭಾಗಿಸಿ: 8 ವಾರ. ಕೈಯಲ್ಲಿರುವುದನ್ನು 12ಕ್ಕೆ ಇಳಿಸಿದರೆ, ಮುಗಿಸುವ ವೇಗ ಒಂದಿಷ್ಟೂ ಹೆಚ್ಚದಿದ್ದರೂ 4 ವಾರ. ಯಾರೂ ಹೆಚ್ಚು ದುಡಿಯಬೇಕಿಲ್ಲ.

ಮಾಡುವ ಕ್ರಮ ಹೇಳುತ್ತೇವೆ. ಗೋಡೆಯ ಮೇಲೆ ಐದು ಅಂಕಣದ ಬೋರ್ಡ್ ಹಾಕಿ: ಸರದಿ, ಕೈಗೆತ್ತಿಕೊಂಡದ್ದು, ಪರಿಶೀಲನೆ, ಒಪ್ಪಿಗೆ, ಮುಗಿದದ್ದು. ಒಂದು ಕೆಲಸಕ್ಕೆ ಒಂದು ಚೀಟಿ. ಕೈಗೆತ್ತಿಕೊಂಡ ತಾರೀಖು ಅದರ ಮೇಲಿರಲಿ. ಚೀಟಿ ಜಾಗ ಬಿಟ್ಟು ಕದಲದ ಪ್ರತಿ ದಿನಕ್ಕೂ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಸುಮ್ಮನೆ ನೋಡಿ. ಚುಕ್ಕೆಗಳು ಸಾಮಾನ್ಯವಾಗಿ ಒಂದೇ ಅಂಕಣದಲ್ಲಿ ಗುಂಪುಗೂಡುತ್ತವೆ, ಹಲವು ಕಡೆ ಅದು ‘ಒಪ್ಪಿಗೆ’ಯ ಅಂಕಣ. ಅಂದರೆ ತಡವಾಗುತ್ತಿರುವುದು ನಿಮ್ಮ 8 ಜನರಿಂದಲ್ಲ, ಸಹಿಗೆ ಕಾಯುವುದರಿಂದ.

ಆಮೇಲೆ ಮಿತಿ ಹಾಕಿ. ಒಪ್ಪಿಗೆಯ ಅಂಕಣದಲ್ಲಿ 3 ಚೀಟಿ ತುಂಬಿದರೆ ಹೊಸದನ್ನು ಯಾರೂ ಶುರುಮಾಡುವಂತಿಲ್ಲ. ಆ ಮೂರನ್ನು ಬಿಡಿಸಲು ನೆರವಾಗಬೇಕು: ಅರ್ಧಂಬರ್ಧ ಹೋಗಿರುವ ಕಾಗದ ಪೂರ್ತಿ ಮಾಡಬಹುದು, ಸಹಿ ಮಾಡುವವರ ಜೊತೆ ಹತ್ತು ನಿಮಿಷ ಕೂರಬಹುದು, ಸಣ್ಣ ಕೆಲಸಗಳ ಒಪ್ಪಿಗೆಯನ್ನು ಇನ್ನೊಬ್ಬರಿಗೆ ವಹಿಸಲು ಕೇಳಬಹುದು. 24ರಿಂದ 12ಕ್ಕೆ ಒಂದೇ ದಿನ ಇಳಿಯುವುದು ಬೇಡ. ಎರಡು ಮುಗಿದ ಮೇಲೆ ಒಂದನ್ನು ತೆಗೆದುಕೊಳ್ಳಿ, ತಾನೇ ಇಳಿಯುತ್ತದೆ.

ಇದು ಕುಸಿಯುವುದು ಒಂದೇ ಕಡೆ: ಕೈ ಖಾಲಿ ಇರುವವರನ್ನು ಕಂಡ ಮೇಲಧಿಕಾರಿ ಅವರಿಗೆ ಹೊಸ ಚೀಟಿ ಕೊಟ್ಟಾಗ. ಹೊತ್ತುಗೊತ್ತಿಲ್ಲದೆ ಬರುವ ಕಡತಗಳನ್ನು ಒಬ್ಬರೇ ನೋಡುವ ಸರದಿಯ ಸರಳ ಲೆಕ್ಕ ಅವರಿಗೆ ತೋರಿಸಿ. ಆ ಒಬ್ಬರ ಸಮಯ ಶೇ. 80 ತುಂಬಿದ್ದರೆ ಹೊಸ ಕಡತ ಸರಾಸರಿ 4 ಕಡತಗಳ ಹೊತ್ತು ಕಾಯುತ್ತದೆ. ಶೇ. 90 ಆದರೆ 9, ಶೇ. 95 ಆದರೆ 19. ಕೊನೆಯ ಚೂರು ಬಿಡುವನ್ನೂ ಹಿಂಡಿದರೆ ಕಾಯುವಿಕೆ ಮುಗಿಲಿಗೇರುತ್ತದೆ. ಬಿಡುವು ದಂಡವಲ್ಲ, ಅನಿರೀಕ್ಷಿತವಾದದ್ದು ಬಂದಾಗ ತಿರುಗಲು ಇರುವ ಜಾಗ.

ಎರಡು ದಿನದ ಒಂದು ಬದಲಾವಣೆಗೆ ಐದು ವಾರ ಕಾದೆವು. ಬದಲಾವಣೆ ಸಮಿತಿ ತಿಂಗಳಿಗೊಮ್ಮೆ ಮಾತ್ರ ಸೇರುತ್ತದೆ. ಸಮಿತಿಯನ್ನೇ ತೆಗೆಯಬೇಕೇ?
— ತಾಂತ್ರಿಕ ತಂಡದ ಮುಖಂಡ

ಬೇಡ. ಸಮಿತಿಯ ಕೆಳಗೆ ಎರಡು ಮೆಟ್ಟಿಲು ಕಟ್ಟಿ. ಮೊದಲ ಮೆಟ್ಟಿಲು ತಂಡದ ಮುಖಂಡರದು: ತಾರೀಖಿನ ವ್ಯತ್ಯಾಸ 1 ವಾರದೊಳಗೆ, ಖರ್ಚು ಆ ಹಂತದ ಬಜೆಟ್‌ನ ಶೇ. 3ರೊಳಗೆ, ಬೇರೆ ತಂಡಕ್ಕೆ ತಟ್ಟುವುದಿಲ್ಲ. ಹಾಗಿದ್ದರೆ ಅದೇ ದಿನ ತೀರ್ಮಾನ. ಎರಡನೆಯದು ಪ್ರಾಜೆಕ್ಟ್ ಮ್ಯಾನೇಜರರದು: 4 ವಾರ, ಶೇ. 10, ಇಲ್ಲವೇ ಇನ್ನೊಂದು ತಂಡಕ್ಕೆ ತಟ್ಟುವಂಥದ್ದು. ಉತ್ತರಕ್ಕೆ 2 ಕೆಲಸದ ದಿನ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಅದಕ್ಕೂ ಮೇಲಿನದು ಸಮಿತಿಗೆ. ತುರ್ತಿದ್ದರೆ ಮೂವರು ಸದಸ್ಯರು 48 ಗಂಟೆಯೊಳಗೆ ಫೋನಿನಲ್ಲೇ ಸೇರುವ ಅವಕಾಶವೂ ನಿಯಮದಲ್ಲಿರಲಿ. ಈ ಅಂಕಿಗಳು ಆರಂಭಕ್ಕೆ. ನಿಮ್ಮಲ್ಲಿ ಒಂದು ತಪ್ಪು ನಿರ್ಧಾರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನೋಡಿ ಏರಿಸಿ, ಇಳಿಸಿ.

ಎರಡು ಬೇಲಿ ತಪ್ಪದೆ ಹಾಕಿ. ಜನರ ಸುರಕ್ಷತೆ, ಕಾನೂನು, ಖಾಸಗಿ ಮಾಹಿತಿಗೆ ಸಂಬಂಧಿಸಿದ ಬದಲಾವಣೆ ಎಷ್ಟೇ ಚಿಕ್ಕದಿರಲಿ, ಮೊದಲ ಮೆಟ್ಟಿಲಲ್ಲಿ ತೀರ್ಮಾನವಾಗಬಾರದು, ಅದಕ್ಕೆ ‘ಉತ್ತರವಿಲ್ಲದಿದ್ದರೆ ಒಪ್ಪಿಗೆ’ಯೂ ಇಲ್ಲ. ಇನ್ನೊಂದು, ಒಟ್ಟು ಮೊತ್ತದ ಮಿತಿ. ಶೇ. 3ರ ಏಳು ಬದಲಾವಣೆ ಸೇರಿದರೆ ಶೇ. 21. ಒಂದೊಂದೂ ನಿಯಮದೊಳಗಿದ್ದು ಬಜೆಟ್ ಮುಳುಗುವುದು ಹೀಗೆ. ಮೊದಲ ಮೆಟ್ಟಿಲಿನ ಬದಲಾವಣೆಗಳ ಮೊತ್ತ ಶೇ. 8 ಮುಟ್ಟಿದ ಕೂಡಲೇ ಮುಂದಿನದೆಲ್ಲ ಎರಡನೇ ಮೆಟ್ಟಿಲಿಗೆ ಹೋಗಬೇಕು. ಪ್ರತಿ ತೀರ್ಮಾನಕ್ಕೂ ಒಂದು ಸಾಲಿನ ದಾಖಲೆ ಸಾಕು: ತಾರೀಖು, ಏನು, ಏಕೆ, ಯಾವ ಫಲ ನಿರೀಕ್ಷೆ, ಮತ್ತೆ ನೋಡುವ ದಿನ.

ಹತ್ತು ತಿಂಗಳು ಸ್ಟೇಟಸ್ ರಿಪೋರ್ಟಿನಲ್ಲಿ ಎಲ್ಲ ಹಸಿರು. ಹನ್ನೊಂದನೇ ತಿಂಗಳು ಒಮ್ಮೆಗೇ ಕೆಂಪು. ಸುಳ್ಳು ಹೇಳಿದವರು ಯಾರೆಂದು ಹುಡುಕಿದರೆ ಯಾರೂ ಸಿಗಲಿಲ್ಲ.
— ಹಿರಿಯ ಅಧಿಕಾರಿ

ಸಿಗುವುದೂ ಇಲ್ಲ. ಪ್ರಾಜೆಕ್ಟ್ ವಲಯದಲ್ಲಿ ಇದಕ್ಕೆ ಕಲ್ಲಂಗಡಿ ರಿಪೋರ್ಟ್ ಎನ್ನುತ್ತಾರೆ, ಹೊರಗೆ ಹಸಿರು, ಒಳಗೆ ಕೆಂಪು. ತಂಡದವರು ‘ಸ್ವಲ್ಪ ಕಷ್ಟ ಇದೆ’ ಎಂದದ್ದನ್ನು ಅವರ ಮೇಲಿನವರು ‘ನಿಭಾಯಿಸುತ್ತಿದ್ದೇವೆ’ ಎಂದು ಬರೆಯುತ್ತಾರೆ, ಅವರ ಮೇಲಿನವರು ‘ಹಾದಿಯಲ್ಲಿದೆ’ ಎನ್ನುತ್ತಾರೆ. ಒಬ್ಬೊಬ್ಬರೂ ಒಂದೊಂದು ಎಳೆ ಮೆತ್ತಗೆ ಮಾಡುತ್ತಾರೆ ಅಷ್ಟೇ. ನಾಲ್ಕು ಹಂತ ದಾಟಿದ ಮೇಲೆ ಸತ್ಯ ಉಳಿದಿರುವುದಿಲ್ಲ.

ಮೊದಲು ಬಣ್ಣ ತೆಗೆದು ಸಾಕ್ಷಿ ಕೇಳಿ. ‘ಶೇ. 90 ಮುಗಿದಿದೆ’ ಎಂಬ ಮಾತು ತಿಂಗಳುಗಟ್ಟಲೆ ಹಾಗೇ ನಿಂತಿರಬಲ್ಲದು. ಕೆಲಸಗಳನ್ನು ಒಂದು ವಾರಕ್ಕಿಂತ ಚಿಕ್ಕದಾಗಿ ಒಡೆಯಿರಿ. ಪ್ರತಿಯೊಂದಕ್ಕೂ 0 ಅಥವಾ 100, ನಡುವೆ ಏನೂ ಇಲ್ಲ. 40ರಲ್ಲಿ 22 ಪೂರ್ತಿ ಮುಗಿದಿದ್ದರೆ ಶೇ. 55. ಇನ್ನು 15 ‘ಆಗೇಹೋಯ್ತು’ ಅನ್ನುವ ಸ್ಥಿತಿಯಲ್ಲಿದ್ದರೂ ಶೇ. 55. ‘ಮುಗಿಯಿತು’ ಎಂದರೆ ಏನೆಂದು ಮೊದಲೇ ಒಪ್ಪಿಕೊಂಡಿರಬೇಕು: ಬರೆದಾಯಿತು ಎಂದೇ, ಪರೀಕ್ಷಿಸಿಯಾಯಿತು ಎಂದೇ, ಬಳಸುವವರು ಒಪ್ಪಿಯಾಯಿತು ಎಂದೇ? ಮೂರನೆಯದನ್ನು ಆರಿಸಿ.

ಅಂಕಿ ಹಿಂದಿನದನ್ನು ಹೇಳುತ್ತದೆ, ಮುಂದಿನದು ಜನರ ಮನಸ್ಸಿನಲ್ಲಿರುತ್ತದೆ. ಎರಡು ವಾರಕ್ಕೊಮ್ಮೆ ಎಲ್ಲರಿಗೂ ಒಂದು ಚೀಟಿ ಕೊಟ್ಟು, ‘ಈ ತಾರೀಖು ಮುಟ್ಟುತ್ತೇವೆ ಎಂಬ ನಂಬಿಕೆ 10ಕ್ಕೆ ಎಷ್ಟು?’ ಎಂದು ಹೆಸರು ಹಾಕದೆ ಬರೆಸಿ, ಒಟ್ಟಿಗೆ ತೆರೆಯಿರಿ. ಆರು ಮಂದಿ 8 ಬರೆದು ಇಬ್ಬರು 3 ಬರೆದಿದ್ದರೆ ಸರಾಸರಿ ತೆಗೆಯಬೇಡಿ. ಆ 3ರ ಹಿಂದೆ ಏನಿರಬಹುದು ಎಂದು ಎಲ್ಲರನ್ನೂ ಕೇಳಿ. ಪರೀಕ್ಷೆಗೆ ಬೇಕಾದ ಯಂತ್ರ ಇನ್ನೂ ಬಂದಿಲ್ಲ, ಒಬ್ಬರ ಹೆರಿಗೆ ರಜೆ ಲೆಕ್ಕಕ್ಕೆ ಸೇರಿಲ್ಲ, ಇಂಥ ಸಂಗತಿಗಳು ಆಗ ಹೊರಬರುತ್ತವೆ.

ಇಷ್ಟೆಲ್ಲ ಮಾಡಿಯೂ ಕೆಟ್ಟ ಸುದ್ದಿ ತಂದವರಿಗೆ ನೀವು ಹೇಳುವ ಮೊದಲ ವಾಕ್ಯ ತಪ್ಪಿದರೆ ಎಲ್ಲ ವ್ಯರ್ಥ. ‘ಯಾಕೆ ಮೊದಲೇ ಹೇಳಲಿಲ್ಲ?’ ಎಂದು ಕೇಳಿದರೆ ಮುಂದಿನ ಸಲವೂ ಹೇಳುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು. ಈಗ ಖಚಿತವಾಗಿ ಗೊತ್ತಿರುವುದೇನು, ನನ್ನಿಂದ ಏನಾಗಬೇಕು?’ ಎಂದು ಕೇಳಿ. ಟೊಯೋಟಾ ಕಾರ್ಖಾನೆಗಳ ಜೋಡಣೆ ಸಾಲಿನಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ (ಈಗ ಹಲವೆಡೆ ಗುಂಡಿ ಒತ್ತಿದರೆ) ತಂಡದ ಮುಖಂಡ ಓಡಿ ಬರುತ್ತಾನೆ. ಕಾರು ನಿಗದಿತ ಗುರುತು ತಲುಪುವಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹಗ್ಗ ಮುಖ್ಯವೇ, ಅದಕ್ಕಿಂತ ಮುಖ್ಯ ಎಳೆದವರಿಗೆ ನೆರವು ಬರುವುದು, ಬೈಗುಳವಲ್ಲ. 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರಿಗೆ ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳ ದಾಖಲೆ ಹೆಚ್ಚು ಕಂಡಿತು. ಅಲ್ಲಿನ ಜನ ತಪ್ಪನ್ನು ಮುಚ್ಚಿಡದೆ ಮಾತಾಡುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ವಿವರಣೆ. ನಿಮ್ಮಲ್ಲಿ ಕೆಂಪು ಹೆಚ್ಚು ಕಾಣತೊಡಗಿದರೆ ಮೊದಲ ಮೂರು ತಿಂಗಳು ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿಯಿರಿ.

ಪ್ರಾಜೆಕ್ಟ್ ಎರಡು ತಿಂಗಳು ಹಿಂದಿದೆ. ಈಗ 6 ಜನರಿದ್ದೇವೆ, ಇನ್ನೂ 8 ಜನರನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬೇಕೇ?
— ಸಾಫ್ಟ್‌ವೇರ್ ಎಂಜಿನಿಯರ್

ಒಟ್ಟಿಗೆ ಬೇಡ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. 6 ಜನರ ನಡುವೆ ಮಾತಿನ ಜೋಡಿಗಳು 15. 14 ಜನರಾದರೆ 91. ಅದಲ್ಲದೆ ಹೊಸಬರಿಗೆ ಕಲಿಸಬೇಕಾದವರು ಈಗ ಕೆಲಸ ಮಾಡುತ್ತಿರುವ ಆ ಆರು ಮಂದಿಯೇ.

ಬದಲಿಗೆ ಉಳಿದ ಕೆಲಸಗಳನ್ನು ಮೂರು ರಾಶಿ ಮಾಡಿ. ಬಿಡಬಹುದಾದವು, ಬಿಡಿ. ಹಳೆಯ ತಿಳಿವಳಿಕೆ ಬೇಡದವು, ಅಂದರೆ ಪರೀಕ್ಷೆಯ ದತ್ತಾಂಶ ಸಿದ್ಧಪಡಿಸುವುದು, ಬಳಕೆದಾರರ ಕೈಪಿಡಿ, ತರಬೇತಿ, ಇವುಗಳಿಗೆ ಇಬ್ಬರನ್ನು ತೆಗೆದುಕೊಳ್ಳಿ. ತಿರುಳಿನ ಕೆಲಸಕ್ಕೆ ಒಬ್ಬರು ಸಾಕು, ಅದೂ ಒಬ್ಬ ಹಳಬರ ಪಕ್ಕದಲ್ಲಿ. ಎರಡು ವಾರ ಕಳೆದು ವೇಗ ನೋಡಿ. ಏರಿದ್ದರೆ ಇನ್ನೊಬ್ಬರು.

ದಿನದ 15 ನಿಮಿಷದ ಮೀಟಿಂಗ್ ನಮ್ಮಲ್ಲಿ 50 ನಿಮಿಷ ಹಿಡಿಯುತ್ತದೆ.
— ಒಬ್ಬ ಸ್ಕ್ರಮ್ ಮಾಸ್ಟರ್

ಒಬ್ಬೊಬ್ಬರಾಗಿ ‘ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು’ ಎಂದು ಹೇಳಿಸುವುದನ್ನು ನಿಲ್ಲಿಸಿ. ಸ್ಕ್ರಮ್‌ನ (ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ಒಡೆದು ತಂಡವಾಗಿ ಮಾಡುವ ವಿಧಾನ) ಅಧಿಕೃತ ಮಾರ್ಗದರ್ಶಿಯೇ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆಗಳನ್ನು ಕೈಬಿಟ್ಟಿದೆ. ಬೋರ್ಡಿನ ಬಲತುದಿಯಿಂದ, ಮುಗಿಯಲು ಹತ್ತಿರವಿರುವ ಚೀಟಿಯಿಂದ ಶುರುಮಾಡಿ. ಇದು ಇವತ್ತು ಮುಂದೆ ಹೋಗಲು ಏನು ಬೇಕು ಎಂಬುದಷ್ಟೇ ಮಾತು. ಪರಿಹಾರದ ಚರ್ಚೆ ಹತ್ತಿದ ಕ್ಷಣ ಆ ಇಬ್ಬರ ಹೆಸರು ಬರೆದುಕೊಂಡು ಮೀಟಿಂಗ್ ಆದಮೇಲೆ ಕೂರಿಸಿ. ತಂಡ 10 ಜನ ದಾಟಿದ್ದರೆ ಎರಡು ಮಾಡಿ.

ವರ್ಷದ ಆರಂಭದಲ್ಲಿ ಟಾರ್ಗೆಟ್ ಬರೆಸಿದರು. ನಾಲ್ಕನೇ ತಿಂಗಳಲ್ಲಿ ಆ ಕೆಲಸವನ್ನೇ ಕೈಬಿಟ್ಟರು. ಅಪ್ರೈಸಲ್‌ನಲ್ಲಿ ‘ಗುರಿ ಮುಟ್ಟಿಲ್ಲ’ ಎಂದು ನನ್ನ ತಂಡದ ಇಬ್ಬರಿಗೆ ಕಡಿಮೆ ಅಂಕ ಬಂತು. ನನಗೆ ಉತ್ತರ ಹೇಳಲಾಗಲಿಲ್ಲ.
— ಟೀಮ್ ಲೀಡರ್

ಇದು ಅನ್ಯಾಯ, ಸಂಸ್ಥೆಗೂ ನಷ್ಟ. ಆ ಇಬ್ಬರನ್ನು ನೋಡಿದ ಉಳಿದವರು ಮುಂದೆ ಸತ್ತ ಕೆಲಸವನ್ನೂ ಬಿಡದೆ ಎಳೆಯುತ್ತಾರೆ. ಅಪ್ರೈಸಲ್ ಪದ್ಧತಿ ವರ್ಷದ್ದು, ಕೆಲಸದ ಪದ್ಧತಿ ವಾರದ್ದು ಆದಾಗ ಜನ ಅಪ್ರೈಸಲ್‌ನ ಕಡೆಗೇ ವಾಲುತ್ತಾರೆ. ಸಾಫ್ಟ್‌ವೇರ್ ಸಂಸ್ಥೆ ಅಡೋಬಿ 2012ರಲ್ಲಿ ವರ್ಷಕ್ಕೊಮ್ಮೆಯ ಮೌಲ್ಯಮಾಪನ ಬಿಟ್ಟು ಆಗಾಗಿನ ಮಾತುಕತೆಗೆ ತಿರುಗಿತು. ನಿಮ್ಮ ಸಂಸ್ಥೆ ಅಷ್ಟು ದೂರ ಹೋಗದಿದ್ದರೂ ಟೀಮ್ ಲೀಡರ್ ಆಗಿ ನಿಮ್ಮ ಕೈಯಲ್ಲಿ ಮಾಡಲಿಕ್ಕೆ ಸಾಕಷ್ಟಿದೆ.

ಕೆಲಸ ಕೈಬಿಟ್ಟ ದಿನವೇ ಅದರಲ್ಲಿದ್ದ ಪ್ರತಿಯೊಬ್ಬರಿಗೂ ಒಂದು ಮೇಲ್ ಕಳಿಸಿ, ಎಚ್.ಆರ್.ಗೆ ಪ್ರತಿ ಹೋಗಲಿ. ನಾಲ್ಕು ಸಾಲು ಸಾಕು: ಯಾವ ಗುರಿ ರದ್ದಾಯಿತು, ಯಾರ ತೀರ್ಮಾನದಿಂದ, ಅಲ್ಲಿಯವರೆಗೆ ಇವರು ಮಾಡಿದ್ದೇನು, ಈಗಿನಿಂದ ಗುರಿ ಏನು. ಹತ್ತು ತಿಂಗಳ ನಂತರ ನೆನಪು ಸಾಕ್ಷಿ ಹೇಳುವುದಿಲ್ಲ, ಆ ಮೇಲ್ ಹೇಳುತ್ತದೆ. ಈಗಾಗಲೇ ಅಂಕ ಬಂದಿರುವ ಇಬ್ಬರ ಪರವಾಗಿ, ರದ್ದಾದ ತೀರ್ಮಾನದ ಮೀಟಿಂಗ್ ಟಿಪ್ಪಣಿ ಜೋಡಿಸಿ ಮರುಪರಿಶೀಲನೆ ಕೇಳಿ. ಆ ಅರ್ಜಿ ಅವರ ಹೆಸರಿನಲ್ಲಿ ಬೇಡ, ನಿಮ್ಮ ಹೆಸರಿನಲ್ಲಿ ಹೋಗಲಿ.

ಮುಂದಕ್ಕೆ ಗುರಿಗಳನ್ನು ಮೂರು ತಿಂಗಳಿಗೊಮ್ಮೆ ಬರೆಸಿ, ಒಬ್ಬರಿಗೆ 3ಕ್ಕಿಂತ ಹೆಚ್ಚು ಬೇಡ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ 30 ನಿಮಿಷ ಕೂರಿ, ಮೊದಲ 15 ನಿಮಿಷ ಅವರದು. ಕೇಳಬೇಕಾದದ್ದು ಸ್ಟೇಟಸ್ ಅಲ್ಲ, ಅದು ಬೋರ್ಡಿನಲ್ಲಿದೆ. ‘ಯಾವ ಕೆಲಸ ಅರ್ಥವಿಲ್ಲದ್ದು ಅನ್ನಿಸುತ್ತಿದೆ? ಯಾರಿಗಾಗಿ ಕಾಯುತ್ತಿದ್ದೀರಿ? ನಾನು ಯಾವುದನ್ನು ಬಿಡಿಸಿಕೊಡಲಿ?’ ಎಂದು ಕೇಳಿ. ಈ ಭೇಟಿಯನ್ನು ರದ್ದು ಮಾಡಬೇಡಿ, ಬೇಕಾದರೆ ಮುಂದೂಡಿ. ಎರಡು ಸಲ ರದ್ದಾದರೆ ಮೂರನೇ ಸಲ ಅವರು ಮನಸ್ಸು ಬಿಚ್ಚುವುದಿಲ್ಲ.

ಎರಡು ವರ್ಷದಲ್ಲಿ ಎರಡು ಪುನರ್ರಚನೆ ಆಯಿತು, ಮೂರನೆಯದು ಬರುತ್ತಿದೆ. ‘ಹೊಂದಿಕೊಳ್ಳಬೇಕು’ ಎಂದರೆ ಜನ ಮುಖ ತಿರುಗಿಸುತ್ತಾರೆ. ಏನು ಮಾಡಲಿ?
— ಎಚ್.ಆರ್. ವಿಭಾಗದವರು

ಮುಖ ತಿರುಗಿಸುವುದು ಹಟದಿಂದಲ್ಲ, ದಣಿವಿನಿಂದ. ಗುರಿ ನೋಡಿ ಚುಕ್ಕಾಣಿ ತಿರುಗಿಸುವುದು ಬೇರೆ, ದೋಣಿಯನ್ನೇ ಅಲುಗಾಡಿಸುವುದು ಬೇರೆ. ಕೆಲಸದ ಪಟ್ಟಿ ಎರಡು ವಾರಕ್ಕೊಮ್ಮೆ ಬದಲಾದರೆ ಜನ ತಾಳಿಕೊಳ್ಳುತ್ತಾರೆ, ಆದ್ಯತೆ ಆರು ವಾರಕ್ಕೊಮ್ಮೆ ಬದಲಾದರೂ ತಾಳಿಕೊಳ್ಳುತ್ತಾರೆ. ಯಾರ ಜೊತೆ ಕೆಲಸ, ಯಾರಿಗೆ ವರದಿ ಎಂಬುದು ವರ್ಷಕ್ಕೊಮ್ಮೆ ಬದಲಾದರೂ ಭಾರವೇ. ಕೆಲಸದ ಪಟ್ಟಿ ಬೇಗ ಬದಲಾಗಬೇಕಾದರೆ ಅದರ ಕೆಳಗಿನ ತಂಡ ಗಟ್ಟಿಯಾಗಿ ನಿಂತಿರಬೇಕು.

ಒಂದು ಹಾಳೆಯಲ್ಲಿ ಅಡ್ಡಕ್ಕೆ ಮುಂದಿನ 12 ತಿಂಗಳು, ಉದ್ದಕ್ಕೆ ವಿಭಾಗಗಳು. ಬರಲಿರುವ ಪ್ರತಿ ಬದಲಾವಣೆಯನ್ನೂ ಅದು ತಟ್ಟುವ ಮನೆಯಲ್ಲಿ ಬರೆಯಿರಿ: ಹೊಸ ಹಾಜರಾತಿ ಪದ್ಧತಿ, ಹೊಸ ಸಾಫ್ಟ್‌ವೇರ್, ಕಚೇರಿ ಸ್ಥಳಾಂತರ, ಪುನರ್ರಚನೆ. ಐಟಿ, ಹಣಕಾಸು, ಎಚ್.ಆರ್. ತಂತಮ್ಮ ಬದಲಾವಣೆ ಮಾತ್ರ ಬಲ್ಲರು. ಎಲ್ಲವೂ ಒಂದೇ ಗುಂಪಿನ ತಲೆಯ ಮೇಲೆ ಒಂದೇ ತಿಂಗಳು ಬೀಳುತ್ತಿರುವುದು ಈ ಹಾಳೆಯಲ್ಲೇ ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಒಂದು ಮನೆಯಲ್ಲಿ ಎರಡಕ್ಕಿಂತ ಹೆಚ್ಚಿದ್ದರೆ ಒಂದನ್ನು ಸರಿಸಲೇಬೇಕು ಎಂಬ ನಿಯಮ ಮಾಡಿಸಿ.

ಮೂರನೇ ಪುನರ್ರಚನೆ ಇನ್ನೂ ಘೋಷಣೆಯಾಗಿಲ್ಲದಿದ್ದರೆ ಆ ಹಾಳೆ ಹಿಡಿದು ಮೇಲಿನವರ ಬಳಿ ಹೋಗಿ, ಒಂದೇ ವಿಭಾಗದಲ್ಲಿ 8 ವಾರ ಮಾಡಿ ನೋಡೋಣ ಎಂದು ಕೇಳಿ. ಯಾವ ಅಂಕಿ ಎಷ್ಟಕ್ಕಿಳಿದರೆ ಹಿಂದೆಗೆಯುತ್ತೇವೆ ಎಂಬುದನ್ನೂ ಅದೇ ಮೀಟಿಂಗಿನಲ್ಲಿ ಬರೆಸಿಕೊಳ್ಳಿ. ಘೋಷಣೆ ಆಗಿಬಿಟ್ಟಿದ್ದರೆ, ಬದಲಾಗದೆ ಉಳಿಯುವುದು ಏನೇನು ಎಂಬ ಪಟ್ಟಿಯನ್ನು ಈ ವಾರವೇ ಹೊರಡಿಸಿ: ಸಂಬಳ, ಕೂರುವ ಜಾಗ, ಮಂಜೂರಾದ ರಜೆ, ನಡೆಯುತ್ತಿರುವ ಕೆಲಸದ ತಂಡ. ಖಾತ್ರಿ ಇಲ್ಲದ್ದನ್ನು ಅದರಲ್ಲಿ ಸೇರಿಸಬೇಡಿ. ಅದಕ್ಕೆ ಉತ್ತರ ಸಿಗುವ ತಾರೀಖನ್ನು ಮಾತ್ರ ಬರೆಯಿರಿ. ಆ ತಾರೀಖಿನಂದು ಉತ್ತರ ಸಿಕ್ಕಿರದಿದ್ದರೂ ಜನರ ಮುಂದೆ ನಿಂತು, ಇನ್ನೂ ಸಿಕ್ಕಿಲ್ಲ ಎಂದು ಹೇಳಿ.